ಮರಳಿ ಬರುವ ತೊನ್ನು
(ಮಾಸೂರಿನಲ್ಲಿ ನೀಡಿದ ಉಪನ್ಯಾಸದ ಸಾರ)



ಸರ್ವಜ್ಞನ ಊರೆಂದು ಹೆಸರಾದ ಮಾಸೂರಿನಲ್ಲಿ ನೇರ ಮಾತಿಗೆ ಅಂಜಬೇಕಿಲ್ಲ. ತೊನ್ನನ್ನು ನಾವು ಇಂದಿಗೂ 'ಬಿಳಿ ಕುಷ್ಠ' ಎನ್ನುತ್ತೇವೆ. ಅದು ಕುಷ್ಠವಲ್ಲ, ಅಂಟುವುದೂ ಇಲ್ಲ. ದೇಹವನ್ನು ಕಾಯಬೇಕಾದ ರಕ್ಷಕ ಕಣಗಳೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ಶತ್ರುಗಳೆಂದು ಬಗೆದು ನಾಶಮಾಡುತ್ತವೆ.

ಬಾವಂಚಿ ಬೀಜ ಮತ್ತು ಬಿಸಿಲಿನ ಚಿಕಿತ್ಸೆ ನಮ್ಮಲ್ಲಿ ಪುರಾತನವಾದುದು. ಇಂದು ಮುಲಾಮು, ಬೆಳಕಿನ ಚಿಕಿತ್ಸೆಗಳಿವೆ. ಬಣ್ಣ ಹೆಚ್ಚಾಗಿ ಕೂದಲ ಬುಡದಿಂದ ಚುಕ್ಕೆ ಚುಕ್ಕೆಯಾಗಿ ಮರಳುತ್ತದೆ.

ಆದರೆ ವಾಸಿಯಾದ ಜಾಗದಲ್ಲೇ ಮತ್ತೆ ಬಿಳುಪು ಕಂಡರೆ? ಪಥ್ಯ ತಪ್ಪಿತೆಂದು ಮನೆಯವರು, ಶಾಪವೆಂದು ನೆರೆಯವರು. ಮದುವೆ ಗೊತ್ತಾದ ಹುಡುಗಿಯಾದರೆ 'ಮುಚ್ಚಿಟ್ಟರು' ಎಂಬ ಆರೋಪ ಬೇರೆ. ನಿಜವಾದ ಕಾರಣ ಚರ್ಮದೊಳಗಿದೆ. ದಾಳಿ ಮಾಡಿದ ಕಣಗಳಲ್ಲಿ ಕೆಲವು ಹಳೆಯ ನೆನಪು ಉಳಿಸಿಕೊಂಡು ಅಲ್ಲೇ ನೆಲೆಸಿರುತ್ತವೆ. ಚಿಕಿತ್ಸೆ ನಿಂತ ಮೇಲೆ ಅವು ಮತ್ತೆ ಎಚ್ಚರಗೊಳ್ಳಬಹುದು.

ಇದಕ್ಕೆ ಉಪಾಯವೂ ಉಂಟು. 2015ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ಸಣ್ಣ ಅಧ್ಯಯನದಲ್ಲಿ, ಬಣ್ಣ ಬಂದ ಮೇಲೂ ಕೆಲವರಿಗೆ ವಾರಕ್ಕೆರಡು ಸಲ ಟಾಕ್ರೊಲಿಮಸ್ ಮುಲಾಮು ಹಚ್ಚಲಾಯಿತು. ಆರು ತಿಂಗಳೊಳಗೆ ಅವರ ಮಚ್ಚೆಗಳಲ್ಲಿ ಸುಮಾರು ಶೇ. 10ರಷ್ಟರಲ್ಲಿ ಬಿಳುಪು ಮರಳಿತು. ಔಷಧವಿಲ್ಲದ ಮುಲಾಮು ಹಚ್ಚಿದವರಲ್ಲಿ ಶೇ. 40ರಷ್ಟು ಮಚ್ಚೆಗಳಲ್ಲಿ.

ಆದ್ದರಿಂದ ಬಣ್ಣ ಬಂದಿತೆಂದು ವೈದ್ಯರನ್ನು ಮರೆಯಬೇಡಿ. ಬಿಳುಪು ಮರಳಿತೆಂದು ಮಗಳನ್ನು ದೂರಬೇಡಿ.