ಕಪ್ಪು ಕುಳಿಯ ಮೂಳೆಗಳು



ನೀರು ತುಂಬಿದ ಕತ್ತಲ ಗುಹೆ. ಅದರ ತಳದಲ್ಲಿ ಮೂಳೆಗಳು. ಆ ಪ್ರಾಣಿಯೋ ಇಂದು ಭೂಮಿಯ ಮೇಲೆಯೇ ಇಲ್ಲ. ಹಾಗಿದ್ದರೆ ಅದು ಇಂಥದ್ದೇ ಎಂದು ಹೇಳುವುದು ಹೇಗೆ? ಇಂದು ಈ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ.

ಮೆಕ್ಸಿಕೋದ ಯುಕಟಾನ್ ಸುಣ್ಣಕಲ್ಲಿನ ನಾಡು. ಮಳೆನೀರು ಕಲ್ಲನ್ನು ಕರಗಿಸಿ ಅಲ್ಲಿ ನೂರಾರು ಕಿಲೋಮೀಟರ್ ಸುರಂಗಗಳಾಗಿವೆ. 2007ರಲ್ಲಿ ಆಲ್ಬರ್ಟೊ ನಾವಾ ಮತ್ತು ಇಬ್ಬರು ಸಂಗಡಿಗರು ಇಂಥ ಸುರಂಗದೊಳಗೆ ಮುಳುಗಿ ಈಜುತ್ತಿದ್ದಾಗ ದೊಡ್ಡದೊಂದು ಕುಳಿ ಎದುರಾಯಿತು. 'ಒಯೊ ನೆಗ್ರೊ', ಅಂದರೆ ಕಪ್ಪು ಕುಳಿ ಎಂದು ಅದಕ್ಕೆ ಹೆಸರಾಯಿತು. ಹಿಮಯುಗದಲ್ಲಿ ಸಮುದ್ರಮಟ್ಟ ಬಹಳ ಕೆಳಗಿದ್ದುದರಿಂದ ಈ ಸುರಂಗಗಳು ಒಣಗಿದ್ದವು. ಒಳಹೊಕ್ಕ ಪ್ರಾಣಿಗಳು ಕತ್ತಲಲ್ಲಿ ಕುಳಿಗೆ ಬಿದ್ದವು. ಹಿಮ ಕರಗಿ ಸಮುದ್ರ ಏರಿದಾಗ ನೀರು ಎಲ್ಲವನ್ನೂ ಮುಚ್ಚಿತು. ಕತ್ತಿಹಲ್ಲಿನ ಬೆಕ್ಕು, ದೈತ್ಯ ಸ್ಲಾತ್, ಆನೆಯ ದೂರದ ಬಂಧು ಗೊಂಫೊಥೀರ್, ಇವುಗಳ ನಡುವೆ ಹದಿಹರೆಯದ ಹುಡುಗಿಯೊಬ್ಬಳ ಅಸ್ಥಿಪಂಜರ! ಪಾಪ, ಅವಳೂ ಬಿದ್ದವಳೇ ಇರಬೇಕು. ಅವಳು ಬದುಕಿದ್ದು ಸುಮಾರು 12,000ದಿಂದ 13,000 ವರ್ಷಗಳ ಹಿಂದೆ ಎಂದು 2014ರಲ್ಲಿ ಪ್ರಕಟವಾಯಿತು.

ಮೂಳೆಯ ಗುರುತು ಹಿಡಿಯಲು ಡಿಎನ್‌ಎ ಇದೆಯಲ್ಲ ಎಂದು ನೀವು ಕೇಳಬಹುದು. ಬೆಚ್ಚನೆಯ ನೀರಿನಲ್ಲಿ ಅದು ಬೇಗ ಹಾಳಾಗುತ್ತದೆ. ಆ ಹುಡುಗಿಯ ದವಡೆಹಲ್ಲಿನಿಂದ ಅದು ಸಿಕ್ಕಿದ್ದೇ ದೊಡ್ಡ ಮಾತು. ಆದ್ದರಿಂದ ತಜ್ಞರು ಹೆಚ್ಚಾಗಿ ನಂಬುವುದು ಆಕಾರವನ್ನು, ಅದರಲ್ಲೂ ಹಲ್ಲನ್ನು. ಹಲ್ಲಿನ ಮೇಲಣ ಕವಚ ದೇಹದಲ್ಲೇ ಅತ್ಯಂತ ಗಟ್ಟಿ ವಸ್ತು. ಮಾಂಸ ಕತ್ತರಿಸುವ ಹಲ್ಲಿಗೆ ಚೂರಿಯಂತೆ ಅಲಗು, ಸೊಪ್ಪುಕಾಯಿ ಅರೆಯುವ ಹಲ್ಲಿಗೆ ಒರಳಿನಂತೆ ತಗ್ಗು. ತಲೆಬುರುಡೆಯ ಅಳತೆ, ದವಡೆಯಲ್ಲಿ ಸ್ನಾಯು ಅಂಟಿದ ಗುಳಿಗಳು, ಇವನ್ನೆಲ್ಲ ವಸ್ತುಸಂಗ್ರಹಾಲಯಗಳ ಮೂಳೆಗಳ ಪಕ್ಕದಲ್ಲಿಟ್ಟು ಹೋಲಿಸಬೇಕು. ತಾಳ್ಮೆಯ ಕೆಲಸ.

ಒಯೊ ನೆಗ್ರೊದ ಒಂದು ಕರಡಿ ಮತ್ತು ಒಂದು ತೋಳದಂಥ ಪ್ರಾಣಿಗೆ ಮೊದಲು ಬೇರೆ ಹೆಸರುಗಳೇ ಬಂದಿದ್ದವು. ಉತ್ತರ ಅಮೆರಿಕದಲ್ಲಿ ಸಿಕ್ಕಿದ ಮೂಳೆಗೆ ಅಲ್ಲಿನ ಪರಿಚಿತ ಪ್ರಾಣಿಯ ಹೆಸರು ಕೊಡುವುದು ಸಹಜವೇ. ಇನ್ನಷ್ಟು ಮೂಳೆಗಳು ಮೇಲೆ ಬಂದು ಹೋಲಿಕೆ ನಡೆದಾಗ ಚಿತ್ರ ಬದಲಾಯಿತು. ಕರಡಿ ಆರ್ಕ್ಟೊಥೀರಿಯಂ ವಿಂಗೆಯಿ, ಇನ್ನೊಂದು ಪ್ರೊಟೊಸಯಾನ್ ಟ್ರೊಗ್ಲೊಡೈಟಿಸ್ ಎಂದು ಬ್ಲೇನ್ ಶುಬರ್ಟ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಇವೆರಡೂ ದಕ್ಷಿಣ ಅಮೆರಿಕದ ಪ್ರಾಣಿಗಳೆಂದೇ ಪುಸ್ತಕಗಳಲ್ಲಿತ್ತು. ಪನಾಮಾ ಭೂಸಂಧಿ ದಾಟಿ ಪ್ರಾಣಿಗಳ ಪೂರ್ವಜರು ದಕ್ಷಿಣಕ್ಕೆ ಹೋದ ಕಥೆ ಗೊತ್ತಿತ್ತು. ಅವುಗಳ ಸಂತತಿ ಮರಳಿ ಉತ್ತರಕ್ಕೂ ಬಂದಿತ್ತೆಂದು ಈ ಕುಳಿ ಹೇಳಿತು. ಎರಡು ಹೆಸರು ತಿದ್ದಿದ್ದಕ್ಕೆ ಎರಡು ಖಂಡಗಳ ಇತಿಹಾಸವೇ ತಿದ್ದುಪಡಿಯಾಯಿತು ನೋಡಿ.

ಸ್ಲಾತ್‌ನದು ಇನ್ನೊಂದು ಬಗೆ. ಅದು ತಿಳಿದಿದ್ದ ಯಾವುದಕ್ಕೂ ಹೊಂದಲಿಲ್ಲ. 2017ರಲ್ಲಿ ಅದಕ್ಕೆ ಮಾಯಾ ಭಾಷೆಯಿಂದಲೇ ನೊಹೊಚಿಚಾಕ್ ಶಿಬಾಲ್ಬಾಕಾ ಎಂಬ ಹೊಸ ಹೆಸರಿಟ್ಟರು: ಪಾತಾಳದಲ್ಲಿ ವಾಸಿಸುವ ಮಹಾ ಉಗುರಿನದು.

ಮುಳುಗುಗಾರರು ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಬರುವುದಿಲ್ಲ. ನೀರಿನಲ್ಲಿ ನೆನೆದ ಮೂಳೆ ಬಹಳ ಮೆದು. ಯಾವ ಮೂಳೆ ಯಾವುದರ ಪಕ್ಕದಲ್ಲಿತ್ತು ಎಂಬುದೂ ಸಾಕ್ಷ್ಯವೇ. ಆದ್ದರಿಂದ ಮೊದಲು ಎಲ್ಲ ಕೋನಗಳಿಂದ ಛಾಯಾಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಕುಳಿಯ ಮೂರು ಆಯಾಮದ ಮಾದರಿ ಕಟ್ಟುತ್ತಾರೆ. ದಡದಲ್ಲಿ ಕುಳಿತ ತಜ್ಞರು ತಳದಲ್ಲೇ ಮಲಗಿರುವ ಮೂಳೆಯನ್ನು ಪರದೆಯ ಮೇಲೆ ಅಳೆಯುತ್ತಾರೆ.