ಏರಿನಲ್ಲಿ ನಿಂತ ಕಾರು

ಐವತ್ತಮೂರನೆಯ ವಯಸ್ಸಿನಲ್ಲಿ ಮತ್ತೊಮ್ಮೆ ವಿದ್ಯಾರ್ಥಿನಿಯಾಗುವ ಯೋಗ ನನಗೆ ಒದಗಿತು. ಪಾಠಶಾಲೆ, ಕೊಪ್ಪ ತಾಲ್ಲೂಕಿನ ಭಂಡಿಗಡಿಯ ರಸ್ತೆ. ಉಪಾಧ್ಯಾಯ, ನನ್ನ ತಮ್ಮನ ಮಗ. ವಿಷಯ, ಕಾರು ಚಾಲನೆ.

ಮಕ್ಕಳು ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ಉಳಿದವರು ನಾವಿಬ್ಬರೇ. ಕಾರು ಓಡಿಸಬಲ್ಲವರು ಯಜಮಾನರೊಬ್ಬರೇ. ಕಳೆದ ಮಳೆಗಾಲದ ಒಂದು ರಾತ್ರಿ ಅವರಿಗೇ ಎದೆನೋವು ಕಾಣಿಸಿತು. ಅಂಗಳದಲ್ಲಿ ಕಾರಿದ್ದೂ, ಕೊಪ್ಪದ ಆಸ್ಪತ್ರೆಗೆ ಹೋಗಲು ಆಚೆಮನೆಯವರು ಬರುವವರೆಗೆ ಕಾಯಬೇಕಾಯಿತು. ಅವರು ಗುಣಹೊಂದಿ ಮರಳಿದರು. ಆದರೆ ಕಾದು ನಿಂತ ಆ ಅರ್ಧ ಗಂಟೆ ನನ್ನ ಮನಸ್ಸಿನಿಂದ ಕದಲಲಿಲ್ಲ.

ಕಲಿಯುವವರ ಲೈಸೆನ್ಸು ಕೈಸೇರಿ ಮೂವತ್ತು ದಿನ ಕಳೆಯದೆ ಪರೀಕ್ಷೆಗೆ ಹೋಗುವಂತಿಲ್ಲ. ಅಲ್ಲಿಯವರೆಗೆ ಕಾರಿನ ಹಿಂದೆ ಮುಂದೆ, ಬಿಳಿಯ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರ. ಈ ಇಳಿವಯಸ್ಸಿನಲ್ಲಿ ನನ್ನ ಅಜ್ಞಾನವನ್ನು ಊರಿಗೆಲ್ಲ ಸಾರುವ ಫಲಕ!

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಪರೀಕ್ಷಾರ್ಥಿಯು ಕಡಿದಾದ ಏರಿನಲ್ಲಿ ವಾಹನವನ್ನು ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು. ಬಯಲುಸೀಮೆಯವರಿಗೆ ಇದು ಹಲವು ಪ್ರಶ್ನೆಗಳಲ್ಲಿ ಒಂದು. ಮಲೆನಾಡಿನ ನಮಗೆ ಪ್ರಶ್ನೆಪತ್ರಿಕೆಯೇ ಇದು.

ಮೊದಲ ಸಲ ಏರಿನಲ್ಲಿ ನಿಂತಾಗ ಕಾರು ಮೊಳದಷ್ಟು ಹಿಂದಕ್ಕೆ ಸರಿಯಿತು. ಹಿಂದೆಯೇ ಅಡಿಕೆ ಮೂಟೆ ಹೇರಿದ ವಾಹನವೊಂದು ನಿಂತಿತ್ತು. ಗಾಬರಿಯಲ್ಲಿ ಎಂಜಿನ್ ಆರಿಹೋಯಿತು.

“ಅವಸರ ಬೇಡ ಅತ್ತೆ. ಹ್ಯಾಂಡ್‌ಬ್ರೇಕ್ ಎಳೆಯಿರಿ. ಇನ್ನು ಕಾರು ಎಲ್ಲಿಗೂ ಹೋಗುವುದಿಲ್ಲ. ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಬನ್ನಿ, ಕಾರು ಮುಂದಕ್ಕೆ ಎಳೆಯತೊಡಗಿದಾಗ ಬ್ರೇಕ್ ಇಳಿಸಿ,” ಎಂದ ಹುಡುಗ.

ಮೂರನೆಯ ಪ್ರಯತ್ನಕ್ಕೆ ಕಾರು ಏರನ್ನು ಹತ್ತಿತು. ಅಷ್ಟು ಹೊತ್ತೂ ಹಿಂದಿನ ಚಾಲಕ ಒಮ್ಮೆಯೂ ಹಾರನ್ ಮಾಡಲಿಲ್ಲ. ಅವನೂ ಎಂದೋ ಇಂಥದೇ ಏರಿನಲ್ಲಿ ಬೆವರಿದ್ದಿರಬೇಕು.

ಕಿರಿದಾದ ಬೆಟ್ಟದ ರಸ್ತೆಯಲ್ಲಿ ಇಳಿಯುವ ವಾಹನ ನಿಂತು, ಏರುವ ವಾಹನಕ್ಕೆ ದಾರಿ ಬಿಡಬೇಕೆಂಬುದು ಚಾಲನೆಯ ನಿಯಮ. ಪುಸ್ತಕದಲ್ಲಿ ಓದಿದಾಗ ಅದು ಬರಿಯ ಕಾನೂನಾಗಿ ಕಂಡಿತ್ತು. ಈಗ ಎದುರಿನಿಂದ ಬಸ್ಸೊಂದು ಏದುಸಿರು ಬಿಡುತ್ತಾ ಹತ್ತಿಬರುವಾಗ, ಯಾರೂ ಹೇಳದೆ ನನ್ನ ಕಾಲು ಬ್ರೇಕಿನ ಮೇಲೆ ಹೋಗುತ್ತದೆ.

ಮುಂದಿನ ವಾರ ಪರೀಕ್ಷೆ. ಫಲಿತಾಂಶ ದೇವರಿಗೆ ಗೊತ್ತು. ಯಜಮಾನರು ಮಾತ್ರ ಏನನ್ನೂ ಹೇಳದೆ, ಕಾರಿನ ಇನ್ನೊಂದು ಕೀಲಿಕೈಯನ್ನು ಪೆಟ್ಟಿಗೆಯಿಂದ ತೆಗೆದು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದಾರೆ; ನನ್ನ ಕೈಗೆ ಎಟುಕುವ ಎತ್ತರದಲ್ಲಿ.