ಪಾತಕಿಯ ದಾಸೋಹ

(ವಿಮಾನಪುರದಲ್ಲಿ ನಡೆದ ತಿಂಗಳ ಅನುಭಾವಗೋಷ್ಠಿಯ ಭಾಷಣ)



ಕಳೆದ ಭಾನುವಾರ ಇದೇ ಸಭಾಂಗಣದಲ್ಲಿ ನಮ್ಮ ತರುಣರು ಹಳೆಯ ಅಮೆರಿಕನ್ ಚಿತ್ರವೊಂದನ್ನು ತೋರಿಸಿದರು, 1932ರ ‘ಸ್ಕಾರ್‌ಫೇಸ್’. ವಚನ ಹಾಡುವ ಜಾಗದಲ್ಲಿ ಗುಂಡಿನ ಸದ್ದೇ ಎಂದು ಕೆಲವು ಹಿರಿಯರು ಬೇಸರಪಟ್ಟರು. ನಿಮ್ಮ ಸರದಿ ಬಂದಾಗ ಚೆನ್ನಾಗಿ ಖಂಡಿಸಿ ಎಂದು ನನಗೆ ಹೇಳಿದರು. ಖಂಡಿಸಬೇಕೆಂದೇ ಕೂತು ನೋಡಿದೆ. ನೋಡಿದ ಮೇಲೆ ಬಾಯಿ ಬರಲಿಲ್ಲ.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧವಿತ್ತು, ಸಂವಿಧಾನವನ್ನೇ ತಿದ್ದಿ ತಂದದ್ದು. ಅಂಗಡಿಗಳು ಮುಚ್ಚಿದವು, ಕುಡಿಯುವ ಬಾಯಿ ಮುಚ್ಚಲಿಲ್ಲ. ಆ ಬಾಯಿಗೂ ಕಾನೂನಿಗೂ ನಡುವಿನ ಸಂದಿಯಲ್ಲಿ ಬೆಳೆದವನು ಚಿತ್ರದ ಟೋನಿ. ಮೊದಲು ಒಡೆಯನಿಗಾಗಿ ಕೊಲ್ಲುತ್ತಾನೆ, ಆಮೇಲೆ ಆ ಒಡೆಯನನ್ನೇ ಮುಗಿಸುತ್ತಾನೆ. ರಾಶಿ ಅಂಗಿ ಕೊಂಡು ಮಗುವಿನಂತೆ ಹಿಗ್ಗುತ್ತಾನೆ. ಕೊನೆಗೆ ಪೊಲೀಸರ ಗುಂಡಿಗೆ ಬೀದಿಯಲ್ಲಿ ಬೀಳುತ್ತಾನೆ. ಮೇಲೆ, ಜಗತ್ತೆಲ್ಲ ನಿನ್ನದೇ ಎನ್ನುವ ದೀಪದ ಜಾಹೀರಾತು ಇನ್ನೂ ಉರಿಯುತ್ತಿರುತ್ತದೆ. ಸೆನ್ಸಾರಿನವರ ಒತ್ತಾಯಕ್ಕೆ, ಪತ್ರಿಕೆಯ ಮಾಲೀಕನೊಬ್ಬ ನಾಗರಿಕರಿಗೆ ಬುದ್ಧಿ ಹೇಳುವ ದೃಶ್ಯವೊಂದನ್ನು ಸೇರಿಸಿದರಂತೆ. ಇಡೀ ಚಿತ್ರದಲ್ಲಿ ಸಪ್ಪೆಯಾದ ದೃಶ್ಯ ಅದೊಂದೇ. ವೇದಿಕೆ ಹತ್ತುವ ನನ್ನಂಥವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ದೂರದ ಕಥೆ ಎನ್ನಬೇಡಿ. ಕೊತ್ವಾಲ್ ರಾಮಚಂದ್ರನ ಅಂತ್ಯವನ್ನು ತೋರಿಸುವ ‘ಆ ದಿನಗಳು’ ತೆರೆಗೆ ಬಂದದ್ದು 2007ರಲ್ಲಿ. ಅದು ನಮ್ಮದೇ ಬೆಂಗಳೂರು. ಅದೇ ವರ್ಷ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ತಾಯಂದಿರು ಸಂತೋಷಪಟ್ಟರು, ನಾವೂ ಪಟ್ಟೆವು. ಒಂದು ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಸುತ್ತಮುತ್ತ ಮತ್ತು ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಬಡವರ ಪ್ಯಾಕೆಟ್ ನಿಂತಿತ್ತು, ಉಳ್ಳವರ ಬಾರ್ ನಿಂತಿರಲಿಲ್ಲ.

ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರಲ್ಲ, ಅವರು ಅಂಗಡಿ ಮುಚ್ಚಿಸಲು ಹೋಗಲಿಲ್ಲ. ಕುಡಿಯುವವನ ಮುಂದೆಯೇ ನಿಂತು, ನಿನ್ನ ಚಟವನ್ನು ನನಗೆ ಭಿಕ್ಷೆ ಹಾಕು ಎಂದರು. ಜೋಳಿಗೆಗೆ ಹಾಕಿದ್ದನ್ನು ಕದ್ದು ಮಾರಲು ಯಾವ ಟೋನಿಗೂ ಬರುವುದಿಲ್ಲ.

ಆದರೆ ಇಂದು ನನ್ನನ್ನು ಕಾಡುತ್ತಿರುವುದು ಬೇರೆ. ಟೋನಿಯ ಪಾತ್ರಕ್ಕೆ ಮೂಲ ಷಿಕಾಗೋದ ಆಲ್ ಕಪೋನ್. 1930ರಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ, ಅವನು ಆ ಊರಲ್ಲಿ ಗಂಜಿಕೇಂದ್ರ ತೆರೆದ. ಕೆಲಸ ಕಳೆದುಕೊಂಡವರು ಸಾಲುಗಟ್ಟಿ ನಿಂತು ಸೂಪು, ಬ್ರೆಡ್ಡು ತಿಂದರು, ಹರಸಿದರು. ಮರುವರ್ಷ ಆದಾಯ ತೆರಿಗೆ ವಂಚನೆಗೆ ಅವನಿಗೆ 11 ವರ್ಷ ಶಿಕ್ಷೆಯಾಯಿತು. ಹಸಿದವನಿಗೆ ಅನ್ನ ಕೊಟ್ಟನಲ್ಲ, ಅದು ದಾಸೋಹವೇ ಎಂದು ಒಬ್ಬ ಹುಡುಗ ಕೇಳಿದ. ಅಲ್ಲ ಎಂದೆ. ಕಾಯಕವಿಲ್ಲದೆ ದಾಸೋಹವಿಲ್ಲ, ಗಂಡ ಮಾರಯ್ಯ ದಿನದ ಪಾಲಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಲೆಗೇರಿಸದೆ ವಾಪಸು ಕಳಿಸಿದಳು, ಅದೇನು ಕದ್ದ ಅಕ್ಕಿಯೂ ಅಲ್ಲ. ಹೆಂಡದ ಮಾರಯ್ಯನೂ ಶರಣನೇ, ಆದರೆ ಅವನು ಹೆಂಡದ ಸತ್ಯ ಬಲ್ಲವನು, ಅದನ್ನು ಮುಚ್ಚಿಟ್ಟವನಲ್ಲ, ಹೀಗೆಲ್ಲ ವಿವರಿಸಿದೆ.

ಹುಡುಗ ಬಿಡಲಿಲ್ಲ. ಹಾಗಾದರೆ ನಮ್ಮ ಬಸವ ಜಯಂತಿಯ ಪ್ರಸಾದಕ್ಕೆ ಅಕ್ಕಿ ಕೊಟ್ಟವರು ಯಾರು ಎಂದ.

ಯಾರೆಂದು ಇಲ್ಲಿ ಬಹಳ ಜನಕ್ಕೆ ಗೊತ್ತು. ಎರಡು ಬಾರ್ ನಡೆಸುವವರು. ಸಜ್ಜನರು, ಕೈ ಮುಗಿದೇ ಕೊಟ್ಟರು. ರಸೀದಿ ಬರೆದವನು ನಾನು, ಅವರಿಗೆ ಶಾಲು ಹೊದಿಸಿದವನೂ ನಾನೇ. ಸಂಬಳದ ದಿನ ಸಂಜೆ ಅವರ ಬಾಗಿಲಲ್ಲಿ ನಿಲ್ಲುವವರ ಮನೆಯ ಹೆಣ್ಣುಮಕ್ಕಳು ಆ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಉಂಡರು. ಅವರ ಮನೆಯಿಂದ ಹೋದ ದುಡ್ಡೇ ಅನ್ನವಾಗಿ ಬಂದಿತ್ತು.

ಅಕ್ಕಿ ಬೆಂದುಹೋಗಿದೆ, ವಾಪಸು ಕೊಡಲಾಗದು. ಅದರ ಬೆಲೆಯಷ್ಟು ಹಣವನ್ನು ಹಿಂದಿರುಗಿಸೋಣ, ಅದರಲ್ಲಿ ಅರ್ಧ ನಾನು ಹಾಕುತ್ತೇನೆ ಎಂದು ಸಮಿತಿಗೆ ಬರೆದುಕೊಟ್ಟಿದ್ದೇನೆ. ಬರುವ ವರ್ಷ ಹುಗ್ಗಿ ಇಲ್ಲದಿದ್ದರೆ ಅನ್ನ ಸಾರು ಮಾಡೋಣ, ಅದೂ ಸಾಲದಿದ್ದರೆ ಅವಲಕ್ಕಿ. ದಾನಿಗಳ ಪುಸ್ತಕ ಇಲ್ಲಿ ಮೇಜಿನ ಮೇಲಿಟ್ಟಿದ್ದೇನೆ. ಹೋಗುವಾಗ ತೆರೆದು ನೋಡಿ, ಕೇಳುವುದಿದ್ದರೆ ಕೇಳಿ.